ಪಾರ್ಸಿ ಪರಂಪರೆಯ ಕೆಲಸಕ್ಕೆ ಹಣ ಹೊಂದಿಸುವ ಬಗೆ

ನಾನು ಪಾರ್ಸಿಯಲ್ಲ. ಸಣ್ಣ ಟ್ರಸ್ಟ್‌ಗಳ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ವೃತ್ತಿ. ಆ ದಾರಿಯಲ್ಲಿ ಜರತುಷ್ಟ್ರ ಧರ್ಮದ ಪಾರ್ಸಿಗಳ ಊರೂರಿನ ಸಮುದಾಯ ಸಂಘಗಳಾದ ಅಂಜುಮನ್‌ಗಳ ಹಿರಿಯರ ಒಡನಾಟ ಬೆಳೆದು, ಅವರ ಧನಸಹಾಯದ ಅರ್ಜಿಗಳನ್ನು ಬರೆದುಕೊಡುವವನಾದೆ. 2001ರ ಜನಗಣತಿಯಲ್ಲಿ ಭಾರತದ ಪಾರ್ಸಿಗಳು 69,601, 2011ರಲ್ಲಿ 57,264. ಊರಿಗೆಲ್ಲ ಆಸ್ಪತ್ರೆ, ಶಾಲೆ ಕಟ್ಟಿಸಿಕೊಟ್ಟ ಈ ಜನ ತಮ್ಮದೇ ಹಳೆಯ ಕಡತ ಉಳಿಸಿಕೊಳ್ಳಲು ಕೈಚಾಚುವುದಕ್ಕೆ ಹಿಂಜರಿಯುತ್ತಾರೆ. ಹಿಂಜರಿಕೆ ಬೇಡ ಎಂದು ಅವರಿಗೆ ಹೇಳುತ್ತಲೇ ಇದ್ದೇನೆ. ಇಂಥ ಕೆಲಸಕ್ಕೆ ಇಳಿಯುವವರಿಗಾಗಿ ಈ ಟಿಪ್ಪಣಿ.

ಮೊದಲು ಕೆಲಸ ಯಾವುದೆಂದು ಗಟ್ಟಿಮಾಡಿಕೊಳ್ಳಿ. ‘ಜರತುಷ್ಟ್ರ ಸಂಸ್ಕೃತಿಯ ಸಂರಕ್ಷಣೆ’ ಎಂದು ಬರೆದ ಅರ್ಜಿಗೆ ಯಾರೂ ಹಣ ಕೊಡುವುದಿಲ್ಲ. ‘ಗುಜರಾತಿನ ನವಸಾರಿಯಲ್ಲಿ ಕುಸ್ತಿ ನೇಯುವ ವಿದ್ಯೆಯನ್ನು ಐವರಿಗೆ ಕಲಿಸುವುದು’ ಎಂದು ಬರೆಯಿರಿ. ನವಜೋತ್ ಎಂಬ ಧರ್ಮದೀಕ್ಷೆ ಆದ ಮೇಲೆ ಗಂಡು ಹೆಣ್ಣೆನ್ನದೆ ಎಲ್ಲರೂ ಸೊಂಟಕ್ಕೆ ಮೂರು ಸುತ್ತು ಕಟ್ಟಿಕೊಳ್ಳುವ ಉಣ್ಣೆಯ ದಾರ ಕುಸ್ತಿ. ಅದರಲ್ಲಿ 72 ಎಳೆ, ಯಸ್ನ ಎಂಬ ಪ್ರಾರ್ಥನಾಗ್ರಂಥದ 72 ಅಧ್ಯಾಯಗಳಿಗೆ ಸರಿಯಾಗಿ. ಪುರೋಹಿತ ಮನೆತನಗಳ ಹೆಂಗಸರು ಇದನ್ನು ಮನೆಯಲ್ಲೇ ನೇಯುತ್ತಾ ಬಂದವರು. ಇಷ್ಟನ್ನು ಅರ್ಜಿಯಲ್ಲಿ ಬರೆದರೆ ಓದುವ ಅಧಿಕಾರಿಗೆ ಉಳಿಯಬೇಕಾದದ್ದು ಏನೆಂದು ಕಣ್ಣಿಗೆ ಕಟ್ಟುತ್ತದೆ.

ಇಂಥ ಯೋಜನೆಯ ಅಂದಾಜುಪಟ್ಟಿಯಲ್ಲಿ ಉಣ್ಣೆ, ಮಗ್ಗ, ವಿಡಿಯೊ ದಾಖಲಾತಿ ಎಲ್ಲರಿಗೂ ನೆನಪಾಗುತ್ತವೆ. ಕಲಿಸುವ ಹಿರಿಯಾಕೆಯ ಗೌರವಧನ ಮಾತ್ರ ಬಿಟ್ಟುಹೋಗುತ್ತದೆ. ‘ಅವರು ಸೇವೆಯೆಂದು ಮಾಡುತ್ತಾರೆ’ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಕಲಿಸುವವರಿಗೂ ಕಲಿಯುವವರಿಗೂ ತಿಂಗಳ ಹಣ ಬರೆಯದ ಪಟ್ಟಿಗೆ ನಾನು ಸಹಿ ಹಾಕುವುದೇ ಇಲ್ಲ. ಕಟ್ಟಡದ ದುರಸ್ತಿಗೆ ಹಣ ಬೇಗ ಹುಟ್ಟುತ್ತದೆ, ಏಕೆಂದರೆ ದಾನಿಯ ಹೆಸರಿನ ಕಲ್ಲು ಕೂರಿಸಲು ಅಲ್ಲಿ ಗೋಡೆ ಇರುತ್ತದೆ. ವಿದ್ಯೆ ಬಲ್ಲ ಕೈಗಳಿಗೆ ಆ ಸೌಕರ್ಯವಿಲ್ಲ. ಆದ್ದರಿಂದ ರೇಷ್ಮೆ ಸೀರೆಗೆ ಗಾರಾ ಕಸೂತಿ ಹಾಕುವವರು, ಮೊನಾಜಾತ್ ಎಂಬ ಭಕ್ತಿಗೀತೆ ಹಾಡುವ ಅಜ್ಜಿಯರು, ಹಳೆಯ ಕೈಬರಹದ ಗುಜರಾತಿ ಓದಬಲ್ಲವರು, ಇವರನ್ನು ಪಟ್ಟಿಯ ಮೇಲ್ತುದಿಯಲ್ಲಿಡಿ. ಗೋಡೆ ಇನ್ನೆರಡು ಮಳೆಗಾಲ ಕಾಯಬಲ್ಲದು.

ಕಡತಗಳ ಕೆಲಸಕ್ಕೂ ಇದೇ ಎಚ್ಚರ ಬೇಕು. ನವಸಾರಿಯಲ್ಲಿ 1872ರಲ್ಲಿ ಆರಂಭವಾದ ಮೆಹೆರ್‌ಜಿರಾಣಾ ಗ್ರಂಥಾಲಯ, ಮುಂಬೈಯ ಕೆ.ಆರ್. ಕಾಮಾ ಓರಿಯಂಟಲ್ ಇನ್‌ಸ್ಟಿಟ್ಯೂಟ್‌ನಂತಹ ಕಡೆ ಪ್ರಾಚೀನ ಇರಾನಿನ ಭಾಷೆಗಳಾದ ಅವೆಸ್ತಾ, ಪಹ್ಲವಿ, ಜೊತೆಗೆ ಫಾರ್ಸಿ, ಗುಜರಾತಿ ಹಸ್ತಪ್ರತಿಗಳಿವೆ. ಸಣ್ಣ ಊರುಗಳ ಅಂಜುಮನ್ ಕಪಾಟುಗಳಲ್ಲಿ ಇರುವುದು ನವಜೋತ್, ಮದುವೆಗಳ ದಾಖಲೆ ಪುಸ್ತಕ, ಧರ್ಮಶಾಲೆಯ ಖಾತೆ, ದಾನಪತ್ರ. ಸ್ಕ್ಯಾನ್ ಮಾಡಲು ಯಂತ್ರ ಸಾಕು. ಯಾವ ಪುಟದಲ್ಲಿ ಏನಿದೆ ಎಂಬ ವಿವರಪಟ್ಟಿಗೆ ಲಿಪಿ ಬಲ್ಲವರೇ ಬೇಕು. ವಿವರಪಟ್ಟಿಗೂ ಸ್ಕ್ಯಾನಿಂಗ್‌ನಷ್ಟೇ ಹಣ ಕೇಳಿ.

ಇನ್ನು, ನಾನು ಅತ್ಯಂತ ಒತ್ತಿ ಹೇಳುವ ಮಾತು: ಪೂಜೆಯ ಹಣ ಬೇರೆ, ಸಂಸ್ಕೃತಿಯ ಹಣ ಬೇರೆ. ಅಗಿಯಾರಿಯ, ಅಂದರೆ ಅಗ್ನಿದೇಗುಲದ, ಅಗ್ನಿಗೆ ಬೇಕಾದ ಗಂಧದ ಕಟ್ಟಿಗೆ, ಅಗಲಿದವರನ್ನು ನೆನೆಯುವ ಮುಕ್ತಾದ್ ದಿನಗಳ ಪ್ರಾರ್ಥನೆ, ಪುರೋಹಿತರಾದ ಮೊಬೆದ್‌ಗಳ ಸಂಬಳ ಇವೆಲ್ಲ ಧಾರ್ಮಿಕ ವೆಚ್ಚ. ಅದನ್ನು ಸಮುದಾಯದ ಕುಟುಂಬಗಳು, ಅಂಜುಮನ್‌ಗಳೇ ಹೊರಬೇಕು. ಒಂದೇ ಧರ್ಮದ ಸಮುದಾಯದ ಲಾಭಕ್ಕೆಂದು ಪತ್ರದಲ್ಲೇ ಬರೆದುಕೊಂಡ ಟ್ರಸ್ಟ್‌ಗೆ, ನಾವೆಲ್ಲ 80ಜಿ ಎಂದು ಕರೆಯುತ್ತಾ ಬಂದ ದಾನಿಗಳಿಗೆ ತೆರಿಗೆ ವಿನಾಯಿತಿ ಸಿಗುವ ಮಾನ್ಯತೆ ಸಾಮಾನ್ಯವಾಗಿ ದಕ್ಕುವುದಿಲ್ಲ. ಹಾಗಾಗಿ ಗ್ರಂಥಾಲಯ, ದಾಖಲಾತಿ, ಕರಕುಶಲ ತರಬೇತಿಗೆ ಪ್ರತ್ಯೇಕ ಟ್ರಸ್ಟ್ ಮಾಡಿ, ಅದರ ಪ್ರಯೋಜನ ಜಾತಿ ಧರ್ಮದ ಭೇದವಿಲ್ಲದೆ ಎಲ್ಲರಿಗೂ ತೆರೆದಿದೆ ಎಂದು ಬರೆಯಿರಿ, ಬರೆದಂತೆ ನಡೆಯಿರಿ. ಬ್ಯಾಂಕ್ ಖಾತೆಯೂ ಬೇರೆಯೇ ಇರಲಿ.

ಇದಕ್ಕೆ ಇನ್ನೊಂದು ಕಾರಣವೂ ಇದೆ. ನನ್ನಂಥ ಅನ್ಯಧರ್ಮೀಯರಿಗೆ ಅಗಿಯಾರಿಯ ಒಳಗೆ ಪ್ರವೇಶವಿಲ್ಲ. ಹಣ ಕೊಟ್ಟವರ ಪರಿಶೀಲಕ ಬಂದಾಗ ಬಾಗಿಲಲ್ಲಿ ನಿಲ್ಲಿಸಬೇಕಾದ ಇಕ್ಕಟ್ಟು ಇಬ್ಬರಿಗೂ ಒಳ್ಳೆಯದಲ್ಲ. ಹೊರಗಿನ ಹಣದಿಂದ ನಡೆಯುವ ಕೆಲಸ ಹೊರಗಿನವರು ಕಾಣಬಹುದಾದ ಜಾಗದಲ್ಲೇ ನಡೆಯಲಿ. ಆಗ ಆ ನೇಮಕ್ಕೂ ಮರ್ಯಾದೆ, ಲೆಕ್ಕಕ್ಕೂ ಮರ್ಯಾದೆ.

ಹಣದ ಮೂಲಗಳ ವಿಚಾರಕ್ಕೆ ಬಂದರೆ, ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ (ಸಿಎಸ್‌ಆರ್) ನಿಧಿ ದೊಡ್ಡದು. 2013ರ ಕಂಪನಿ ಕಾಯ್ದೆಯ ಏಳನೆಯ ಅನುಸೂಚಿಯಲ್ಲಿ ರಾಷ್ಟ್ರೀಯ ಪರಂಪರೆ, ಐತಿಹಾಸಿಕ ಕಟ್ಟಡಗಳ ಪುನರುಜ್ಜೀವನ, ಗ್ರಂಥಾಲಯ, ಸಾಂಪ್ರದಾಯಿಕ ಕಲೆಗಳ ಹೆಸರು ಸ್ಪಷ್ಟವಾಗಿದೆ. ಅರ್ಜಿಯಲ್ಲಿ ಅದೇ ಪದಗಳನ್ನು ಬಳಸಿ. ಈ ನಿಧಿ ಪಡೆಯುವ ಟ್ರಸ್ಟ್‌ಗೆ ಸಿಎಸ್‌ಆರ್-1 ನಮೂನೆಯ ನೋಂದಣಿ ಮತ್ತು ಅಂಥದೇ ಕೆಲಸದಲ್ಲಿ ಮೂರು ವರ್ಷಗಳ ಅನುಭವ ಬೇಕು. ನಿಮ್ಮದು ಹೊಸ ಟ್ರಸ್ಟ್ ಆಗಿದ್ದರೆ ಹಳೆಯ ಸಂಸ್ಥೆಯೊಂದರ ಆಸರೆಯಲ್ಲಿ ಆರಂಭಿಸಿ. ಹಳೆಯ ಕಡತಗಳ ಡಿಜಿಟಲೀಕರಣಕ್ಕೆ ಬ್ರಿಟಿಷ್ ಲೈಬ್ರರಿಯ ಎಂಡೇಂಜರ್ಡ್ ಆರ್ಕೈವ್ಸ್ ಪ್ರೋಗ್ರಾಂ ಇದೆ. ಮೂಲಪ್ರತಿ ದೇಶದಲ್ಲೇ ಉಳಿಯಬೇಕು ಎಂಬುದು ಅವರ ನಿಯಮ. ಸರ್ಕಾರದ ‘ಜಿಯೊ ಪಾರ್ಸಿ’ ಯೋಜನೆ ಜನಸಂಖ್ಯೆಯ ಕುಸಿತ ತಡೆಯಲು 2013ರಲ್ಲಿ ಬಂದದ್ದು. ಕಸೂತಿ, ಕಡತಗಳಿಗೆ ಅಲ್ಲಿ ಅರ್ಜಿ ಹಾಕಿ ಕಾಯಬೇಡಿ.

ಕೆನಡಾ, ಇಂಗ್ಲೆಂಡ್, ಅಮೆರಿಕದಲ್ಲಿರುವ ಬಂಧುಗಳು ಉದಾರಿಗಳು. ಆದರೆ ವಿದೇಶಿ ಪೌರತ್ವ ಪಡೆದವರ ಹಣ, ಭಾರತೀಯ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ, ವಿದೇಶಿ ದೇಣಿಗೆಯೇ. ಅದಕ್ಕೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಬೇಕು; 2020ರ ತಿದ್ದುಪಡಿಯ ನಂತರ ಆ ಹಣ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ, ಆಡಳಿತ ವೆಚ್ಚ ಶೇ 20ನ್ನು ಮೀರಬಾರದು. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡ ಅನಿವಾಸಿಗಳು ಬ್ಯಾಂಕಿನ ಮೂಲಕ ಕಳುಹಿಸುವ ಸ್ವಂತ ಉಳಿತಾಯಕ್ಕೆ ಈ ನಿರ್ಬಂಧವಿಲ್ಲ. ದಾನಿಯ ಪೌರತ್ವವನ್ನು ರಸೀದಿ ಬರೆಯುವ ಮೊದಲೇ ಕೇಳಿ. ಸಂಕೋಚದಿಂದ ಕೇಳದೆ ಬಿಟ್ಟರೆ ಟ್ರಸ್ಟ್‌ಗೇ ಕುತ್ತು.

ಎಲ್ಲಕ್ಕಿಂತ ಬಾಳುವುದು ಇಡುಗಂಟು. ಶೇ 6.5 ಬಡ್ಡಿ ಎಂದು ಹಿಡಿದರೆ 10 ಲಕ್ಷಕ್ಕೆ ವರ್ಷಕ್ಕೆ 65 ಸಾವಿರ. ಅದರಲ್ಲಿ 20 ಸಾವಿರವನ್ನು ಮತ್ತೆ ಗಂಟಿಗೇ ಸೇರಿಸಿ, ಉಳಿದದ್ದರಲ್ಲಿ ಒಬ್ಬ ನೇಯ್ಗೆಗಾರ್ತಿಯ ಗೌರವಧನದ ಒಂದು ಪಾಲನ್ನಾದರೂ ಖಾತರಿಯಾಗಿ ಕೊಡಬಹುದು. ಕಂಪನಿಯ ಸಿಎಸ್‌ಆರ್ ಹಣ ಇಡುಗಂಟಿಗೆ ಸಲ್ಲುವುದಿಲ್ಲ; ಅದು ಕುಟುಂಬಗಳಿಂದಲೇ ಬರಬೇಕು. ನವಜೋತ್, ಮದುವೆ, ಹಿರಿಯರ ಪುಣ್ಯತಿಥಿ ಇಂಥ ಕೇಳಿಕೆಗೆ ಸಹಜವಾದ ಸಂದರ್ಭಗಳು.

ಕೊಡುವವರಿಗೆ ಮಾಣೆಕ್‌ಜಿ ಲಿಮ್‌ಜಿ ಹತಾರಿಯಾ ಅವರ ಕಥೆ ಹೇಳುತ್ತೇನೆ. ಇರಾನಿನಲ್ಲಿದ್ದ ಜರತುಷ್ಟ್ರ ಬಂಧುಗಳ ಸಂಕಟ ನೀಗಿಸಲು ಮುಂಬೈಯ ಪಾರ್ಸಿಗಳು ಹಣ ಕೂಡಿಸಿ 1854ರಲ್ಲಿ ಅವರನ್ನು ಕಳುಹಿಸಿದರು. ಅಲ್ಲಿ ಶಾಲೆಗಳು ಎದ್ದವು. ಮುಸ್ಲಿಮೇತರರ ಮೇಲಿದ್ದ ಜಿಝಿಯಾ ತೆರಿಗೆ ರದ್ದಾದದ್ದು 1882ರಲ್ಲಿ. ನಡುವಿನ 28 ವರ್ಷವೂ ಹಣ ಹೋಗುತ್ತಲೇ ಇತ್ತು. ಮೂರು ವರ್ಷದ ಯೋಜನೆ ಮುಗಿಯಿತೆಂದು ಕೈತೊಳೆದುಕೊಳ್ಳುವವರು ಇದನ್ನು ಓದಲೇಬೇಕು.

ವರ್ಷಕ್ಕೊಮ್ಮೆ ದಾನಿಗಳಿಗೆ ಎರಡು ಪುಟದ ವರದಿ ಕಳುಹಿಸಿ: ಎಷ್ಟು ಬಂತು, ಎಷ್ಟು ಹೋಯಿತು, ಯಾರು ಕಲಿತರು, ಯಾವ ಕಡತ ಓದಲು ಸಿಗುತ್ತದೆ. 2,000 ರೂಪಾಯಿ ಮೀರಿದ ನಗದು ದಾನಕ್ಕೆ ತೆರಿಗೆ ವಿನಾಯಿತಿ ಇಲ್ಲವೆಂಬುದನ್ನೂ ಅದರಲ್ಲೇ ನೆನಪಿಸಿ. ಧ್ವನಿಮುದ್ರಿಕೆ, ಸ್ಕ್ಯಾನ್‌ಗಳ ಒಂದು ಪ್ರತಿ ಅಂಜುಮನ್‌ನಲ್ಲಿ, ಇನ್ನೊಂದು ಬೇರೆ ಊರಿನ ಗ್ರಂಥಾಲಯದಲ್ಲಿ ಇರಲಿ. ಆ ಎರಡನೆಯ ಪ್ರತಿಯ ಖರ್ಚನ್ನು ಮೊದಲ ಅಂದಾಜುಪಟ್ಟಿಯಲ್ಲೇ ಸೇರಿಸಿ.