ಟೈಪ್ ಮಾಡುವ ಮುನ್ನ ಮೊಣಕೈ ಅಳೆಯಿರಿ

ನಮ್ಮ ಮನೆಯ ಊಟದ ಮೇಜಿನ ಎತ್ತರ 75 ಸೆಂಟಿಮೀಟರ್. ಟೇಪ್ ಹಿಡಿದು ಅಳೆದಿದ್ದೇನೆ. ನಿಮ್ಮ ಮನೆಯದೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಕೂತು ಊಟ ಮಾಡಲು ಅದು ಹೇಳಿ ಮಾಡಿಸಿದ ಎತ್ತರ. ಟೈಪ್ ಮಾಡಲು ಅಲ್ಲ. 2020ರ ಲಾಕ್‌ಡೌನ್‌ನಲ್ಲಿ ಅದೇ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ದಿನಕ್ಕೆ ಎಂಟು ಗಂಟೆ ಕುಟ್ಟಿದೆ. ಎರಡು ತಿಂಗಳಾಗುವಷ್ಟರಲ್ಲಿ ಬಲಭುಜ ಕಿವಿಯ ಹತ್ತಿರ ಬಂದು ಕೂತಿತ್ತು. ಬಾಮ್ ಹಚ್ಚಿದೆ, ದಿಂಬು ಬದಲಿಸಿದೆ. ದುಬಾರಿ ಕುರ್ಚಿಯೊಂದನ್ನು ಇನ್ನೇನು ಕೊಳ್ಳುವುದರಲ್ಲಿದ್ದೆ. ಅಷ್ಟರಲ್ಲಿ ಟೇಪ್ ಕೈಗೆ ಸಿಕ್ಕಿತು.

ಎಲ್ಲರೂ ಕುರ್ಚಿಯಿಂದ ಶುರು ಮಾಡುತ್ತಾರೆ. ನೀವು ಮೊಣಕೈಯಿಂದ ಶುರು ಮಾಡಿ.

ಮೊದಲು ಅಳತೆ

ಈಗಿರುವ ಕುರ್ಚಿಯಲ್ಲೇ ಪೂರ್ತಿ ಹಿಂದಕ್ಕೆ ಸರಿದು ಕೂತುಕೊಳ್ಳಿ. ಭುಜ ಸಡಿಲ ಬಿಡಿ. ಮೊಣಕೈ ಪಕ್ಕೆಯ ಹತ್ತಿರವೇ ಇರಲಿ, ಮುಂಗೈ ನೆಲಕ್ಕೆ ಸಮವಾಗಿರಲಿ. ಈಗ ನೆಲದಿಂದ ಮೊಣಕೈವರೆಗೆ ಎಷ್ಟಿದೆ ಎಂದು ಮನೆಯವರಿಂದ ಅಳೆಸಿ. ನಿಮ್ಮ ಕೀಬೋರ್ಡ್ ಇರಬೇಕಾದದ್ದು ಆ ಎತ್ತರದಲ್ಲಿ. ಒಂದೆರಡು ಸೆಂಟಿಮೀಟರ್ ಕೆಳಗಿದ್ದರೂ ಪರವಾಗಿಲ್ಲ, ಮೇಲಿರಬಾರದು.

ನನ್ನದು 66 ಬಂತು. ಮೇಜು 75, ಅದರ ಮೇಲೆ ಲ್ಯಾಪ್‌ಟಾಪಿನ ದಪ್ಪ 2. ಅಂದರೆ 11 ಸೆಂಟಿಮೀಟರ್ ಅಂತರ. ದಿನವಿಡೀ ಭುಜ ಎತ್ತಿ ಹಿಡಿದು ಆ ಅಂತರ ತುಂಬಿಸುತ್ತಿದ್ದೆ. ನೋಯದೆ ಇನ್ನೇನು ಮಾಡೀತು?

ಮೇಜು ಇಳಿಯದಿದ್ದರೆ ನೀವು ಏರಿ

ಮೇಜಿನ ಕಾಲು ಕತ್ತರಿಸಲು ಮನೆಯಲ್ಲಿ ಯಾರೂ ಒಪ್ಪುವುದಿಲ್ಲ. ಹಾಗಾಗಿ ಕುರ್ಚಿಯ ಮೇಲೆ ಜಮಖಾನ ಮಡಿಸಿ ಹಾಕಿ. ಸ್ಪಂಜಿನ ದಿಂಬು ಬೇಡ, ಅದು ಅರ್ಧ ಗಂಟೆಯಲ್ಲಿ ಕುಸಿಯುತ್ತದೆ. ಎತ್ತರ ಹೊಂದಿಸಬಹುದಾದ ಆಫೀಸ್ ಕುರ್ಚಿ ಇದ್ದರೆ ಕೆಲಸ ಇನ್ನೂ ಸುಲಭ.

ಈಗ ಕಾಲು ನೇತಾಡುತ್ತಿದೆ ಅಲ್ವಾ? ಹಾಗೇ ಬಿಟ್ಟರೆ ಕುರ್ಚಿಯ ಅಂಚು ತೊಡೆಯ ಹಿಂಭಾಗವನ್ನು ಒತ್ತಿ ಕಾಲು ಜೋಮು ಹಿಡಿಯುತ್ತದೆ. ಎಷ್ಟು ಏರಿದ್ದೀರೋ ಅಷ್ಟೇ ಎತ್ತರದ್ದನ್ನು ಪಾದದ ಕೆಳಗೆ ಇಡಬೇಕು. ಅಟ್ಟದ ಮೇಲಿದ್ದ ಊಟದ ಮಣೆಗಳಿಗೆ ನಮ್ಮಲ್ಲಿ ಮತ್ತೆ ಕೆಲಸ ಸಿಕ್ಕಿದ್ದು ಹೀಗೆ. ಒಂದರ ಮೇಲೊಂದು ಎರಡು ಮಣೆ ಸಾಕಾಯಿತು. ಮೇಜಿನ ಕೆಳಗೆ ಡ್ರಾಯರ್ ಇದ್ದರೆ ಮಾತ್ರ ಈ ಉಪಾಯ ಕೆಡುತ್ತದೆ, ತೊಡೆ ತಾಗುತ್ತದೆ. ಆಗ ಬೇರೆ ಮೇಜನ್ನೇ ನೋಡಬೇಕು.

ಮೊಣಕಾಲಿನ ಹಿಂದೆ, ಕುರ್ಚಿಯ ಅಂಚಿಗೂ ಕಾಲಿಗೂ ನಡುವೆ ಎರಡು ಮೂರು ಬೆರಳಿನಷ್ಟು ಜಾಗ ಇರಲಿ. ಸೊಂಟದ ಹಿಂದಿನ ತಗ್ಗಿಗೆ ಟವೆಲ್ ಸುರುಳಿ ಸುತ್ತಿ ಇಡಿ. ಶಾಲೆಯಲ್ಲಿ ಹೇಳುತ್ತಿದ್ದ ಹಾಗೆ ಕೋಲಿನಂತೆ ನೆಟ್ಟಗೆ ಕೂರಬೇಕಿಲ್ಲ. ಸ್ವಲ್ಪ ಹಿಂದಕ್ಕೆ ಒರಗಿದರೆ ಬೆನ್ನಿನ ಮೇಲಿನ ಭಾರ ಕಡಿಮೆಯಾಗುತ್ತದೆ.

ಪರದೆ, ಕೀಬೋರ್ಡ್ ಬೇರೆ ಬೇರೆ

ಲ್ಯಾಪ್‌ಟಾಪ್ ಕುತ್ತಿಗೆಗೂ ಕೈಗೂ ಜಗಳ ಹಚ್ಚುವ ವಸ್ತು. ಕೈಗೆ ಸರಿಯಾಗುವಂತೆ ಇಟ್ಟರೆ ಕುತ್ತಿಗೆ ಬಗ್ಗುತ್ತದೆ. ಕುತ್ತಿಗೆಗೆ ಸರಿಯಾಗುವಂತೆ ಎತ್ತಿದರೆ ಕೈ ಮೇಲೇರುತ್ತದೆ. ತಲೆಯ ತೂಕ 5 ಕಿಲೋ ಹತ್ತಿರ ಇರುತ್ತದೆ, ಅದನ್ನು ಮುಂದಕ್ಕೆ ಬಾಗಿಸಿ ಹೊತ್ತರೆ ಕತ್ತಿನ ಸ್ನಾಯುಗಳಿಗೆ ಬಿಡುವೇ ಇಲ್ಲ. ಖರ್ಚು ಮಾಡಲೇಬೇಕು ಅಂದರೆ ಬೇರೆ ಕೀಬೋರ್ಡ್ ಮತ್ತು ಮೌಸ್‌ಗೆ ಮಾಡಿ. ಲ್ಯಾಪ್‌ಟಾಪನ್ನು ದಪ್ಪ ಪುಸ್ತಕಗಳ ಮೇಲೆ ಏರಿಸಿ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ಚೂರು ಕೆಳಗೆ, ಕೈ ಚಾಚಿದಷ್ಟು ದೂರದಲ್ಲಿ ಇರಲಿ. ಬೈಫೋಕಲ್ ಕನ್ನಡಕದವರು ಇನ್ನೂ ಕೆಳಗೆ ಇಡಿ. ಇಲ್ಲದಿದ್ದರೆ ಕೆಳಗಿನ ಗಾಜಿನಲ್ಲಿ ಓದಲು ಗಲ್ಲ ಎತ್ತಿಕೊಂಡೇ ಇರಬೇಕಾಗುತ್ತದೆ. ಕಿಟಕಿ ಎದುರಿಗೂ ಬೇಡ, ಬೆನ್ನಿಗೂ ಬೇಡ, ಪಕ್ಕಕ್ಕಿರಲಿ.

ಕೀಬೋರ್ಡಿನ ಹಿಂದಿನ ಪುಟ್ಟ ಕಾಲುಗಳನ್ನು ಮಡಿಸಿಬಿಡಿ. ಅವು ಮಣಿಕಟ್ಟನ್ನು ಹಿಂದಕ್ಕೆ ಬಾಗಿಸುತ್ತವೆ. ಇನ್ನೊಂದು ಮಾತು. ಎಫ್ ಮತ್ತು ಜೆ ಕೀಗಳ ಮೇಲೆ ಸಣ್ಣ ಗೀರು ಉಬ್ಬಿಕೊಂಡಿರುತ್ತದೆ. ಆ ಎರಡರ ನಡುವಿನ ಜಾಗ ನಿಮ್ಮ ಹೊಕ್ಕುಳಿಗೆ ನೇರ ಬರಬೇಕು. ನಂಬರ್ ಪ್ಯಾಡ್ ಇರುವ ಕೀಬೋರ್ಡನ್ನು ಸುಮ್ನೆ ಮಧ್ಯಕ್ಕೆ ಇಟ್ಟರೆ ಮೈ ಎಡಕ್ಕೆ ತಿರುಗುತ್ತದೆ.

ಕನ್ನಡಿಗರ ಕಿರುಬೆರಳು

ಅಂತರರಾಷ್ಟ್ರೀಯ ಸಲಹೆಗಳಲ್ಲಿ ಈ ವಿಷಯ ಬರುವುದಿಲ್ಲ, ಬರಲು ಕಾರಣವೂ ಇಲ್ಲ. ಕನ್ನಡ ಟೈಪ್ ಮಾಡುವ ‘ನುಡಿ’ ತಂತ್ರಾಂಶದಲ್ಲಿ ಬಳಸುವ, ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದ ಕೀಲಿಮಣೆಯಲ್ಲಿ ದೀರ್ಘ ಸ್ವರಕ್ಕೆ ಶಿಫ್ಟ್ ಬೇಕು. ಮಹಾಪ್ರಾಣಕ್ಕೂ ಬೇಕು. ಣ, ಳ, ಶ ಎಲ್ಲಕ್ಕೂ ಬೇಕು. ಇಂಗ್ಲಿಷ್‌ನಲ್ಲಿ ವಾಕ್ಯಕ್ಕೆ ಒಂದೆರಡು ಸಲ ಶಿಫ್ಟ್ ಒತ್ತಿದರೆ ಮುಗಿಯಿತು. ‘ಮಾತಾಡೋಣ’ ಎಂಬ ಒಂದೇ ಪದಕ್ಕೆ ಏಳು ಅಕ್ಷರದ ಕೀ, ನಾಲ್ಕು ಸಲ ಶಿಫ್ಟ್! ಒಂದು ಪುಟ ಮುಗಿಯುವಷ್ಟರಲ್ಲಿ ಕಿರುಬೆರಳಿನ ಗತಿ ಏನಾಗಬೇಕು?

ನಮ್ಮಲ್ಲಿ ಬಹುತೇಕರು ಎಲ್ಲದಕ್ಕೂ ಎಡ ಶಿಫ್ಟನ್ನೇ ಒತ್ತುತ್ತಾರೆ. ‘ಆ’ಕಾರಕ್ಕೆ ಬೇಕಾದ ಇಂಗ್ಲಿಷ್ ಎ (A) ಕೀ ಕೂಡ ಎಡಗೈಯದೇ. ಕಿರುಬೆರಳು ಶಿಫ್ಟ್ ಮೇಲೆ, ಉಂಗುರದ ಬೆರಳು ಎ ಮೇಲೆ, ಮಣಿಕಟ್ಟು ಓರೆ. ಟೈಪಿಂಗ್ ಇನ್‌ಸ್ಟಿಟ್ಯೂಟಿನ ಹಳೆಯ ನಿಯಮ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಅಕ್ಷರ ಒಂದು ಕೈಯದಾದರೆ ಶಿಫ್ಟ್ ಇನ್ನೊಂದು ಕೈಯದು. ಅಂದರೆ ‘ಮಾ’, ‘ತಾ’ಗಳಿಗೆ ಬಲ ಶಿಫ್ಟ್, ‘ಡೋ’ ಮತ್ತು ‘ಣ’ಗೆ ಎಡ ಶಿಫ್ಟ್. ಮೊದಲ ವಾರ ವೇಗ ಅರ್ಧಕ್ಕೆ ಇಳಿಯುತ್ತದೆ, ಸಿಟ್ಟು ಬರುತ್ತದೆ. ಆಮೇಲೆ ಕೈ ತಾನೇ ಹೊಂದಿಕೊಳ್ಳುತ್ತದೆ.

ಟೈಪ್ ಮಾಡುವಾಗ ಮಣಿಕಟ್ಟನ್ನು ಮೇಜಿನ ಅಂಚಿಗೆ ಊರಬೇಡಿ, ನಿಲ್ಲಿಸಿದಾಗ ಊರಿ. ಕೀಗಳನ್ನು ಮೃದುವಾಗಿ ಒತ್ತಿ. ಟೈಪ್‌ರೈಟರಿನಲ್ಲಿ ಕಲಿತವರು ಈಗಲೂ ಜೋರಾಗಿ ಕುಟ್ಟುತ್ತಾರೆ, ನಾನೂ ಅವರಲ್ಲೊಬ್ಬ.

ಬಿಡುವು

ಆ ಯಂತ್ರದಲ್ಲಿ ಒಂದು ಒಳ್ಳೆಯ ಗುಣ ಇತ್ತು. ಸಾಲಿನ ಕೊನೆ ಹತ್ತಿರ ಬಂದಾಗ ಗಂಟೆ ಹೊಡೆಯುತ್ತಿತ್ತು, ಕೈ ಎತ್ತಿ ಕ್ಯಾರೇಜ್ ತಳ್ಳಬೇಕಿತ್ತು. ಪುಟ ಮುಗಿದರೆ ಹಾಳೆ, ಕಾರ್ಬನ್ ಬದಲಿಸಬೇಕಿತ್ತು. ಬಿಡುವು ಕೆಲಸದೊಳಗೇ ಇತ್ತು. ಕಂಪ್ಯೂಟರ್ ಅದನ್ನು ಕಿತ್ತುಕೊಂಡಿದೆ, ನಾವೇ ಮಾಡಿಕೊಳ್ಳಬೇಕು. ಅರ್ಧ ಗಂಟೆಗೊಮ್ಮೆ ಏಳಿ. ಮೇಜಿನ ಮೇಲೆ ನೀರಿನ ಬಾಟಲಿ ಬೇಡ, ಸಣ್ಣ ಲೋಟ ಇಡಿ. ತುಂಬಿಸಲಾದರೂ ಏಳುತ್ತೀರಿ. ಕಣ್ಣಿಗೆ 20ರ ಲೆಕ್ಕ: 20 ನಿಮಿಷಕ್ಕೊಮ್ಮೆ, 20 ಅಡಿ ದೂರಕ್ಕೆ, 20 ಸೆಕೆಂಡ್ ನೋಡಿ. ಪರದೆ ನೋಡುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗುತ್ತದೆ, ಕಣ್ಣು ಉರಿಯುವುದಕ್ಕೆ ಅದೂ ಒಂದು ಕಾರಣ.

ಹೆಬ್ಬೆರಳು, ತೋರುಬೆರಳು, ನಡುಬೆರಳು ಜುಮ್ಮೆನ್ನುತ್ತಿದ್ದರೆ, ಅದೂ ರಾತ್ರಿ ನಿದ್ದೆಯಿಂದ ಎಬ್ಬಿಸುವಷ್ಟು ಜಾಸ್ತಿ ಇದ್ದರೆ, ಮಣಿಕಟ್ಟಿನಲ್ಲಿ ನರ ಒತ್ತುತ್ತಿರಬಹುದು. ಎಣ್ಣೆ ತಿಕ್ಕುತ್ತಾ ತಿಂಗಳು ಕಳೆಯಬೇಡಿ, ವೈದ್ಯರಿಗೆ ತೋರಿಸಿ.

ಎಲ್ಲ ಹೊಂದಿಸಿದ ಮೇಲೆ ಪಕ್ಕದಿಂದ ಒಂದು ಫೋಟೊ ತೆಗೆಸಿ. ಆಗಲೇ ಅಲ್ಲ, ಆಗ ಎಲ್ಲರೂ ಚೆನ್ನಾಗಿಯೇ ಕೂತಿರುತ್ತಾರೆ. ಒಂದು ಗಂಟೆ ಬಿಟ್ಟು, ನಿಮಗೆ ಗೊತ್ತಾಗದ ಹಾಗೆ ತೆಗೆಯಲು ಹೇಳಿ. ಮಗಳು ತೆಗೆದ ಫೋಟೊದಲ್ಲಿ ನನ್ನ ಕುರ್ಚಿ, ಮಣೆ, ಟವೆಲ್ ಎಲ್ಲ ಜಾಗದಲ್ಲೇ ಇದ್ದವು. ನನ್ನ ಮೂಗು ಮಾತ್ರ ಪರದೆಗೆ ಒಂದು ಗೇಣು ದೂರದಲ್ಲಿತ್ತು. ಪರದೆಯ ಅಕ್ಷರದ ಗಾತ್ರವನ್ನು ಶೇಕಡಾ 100ರಿಂದ 140ಕ್ಕೆ ಏರಿಸಿದೆ, ಬೆನ್ನು ತಾನಾಗಿ ಹಿಂದೆ ಹೋಯಿತು.