ಸಂಘದ ಇಮೇಲ್‌ಗಳು ಸ್ಪ್ಯಾಮ್‌ಗೆ ಬೀಳದಂತೆ ನೋಡಿಕೊಳ್ಳುವ ಬಗೆ

ದಾವಣಗೆರೆಯಲ್ಲಿ ಕಚೇರಿಯಿರುವ ಬೆಳೆಗಾರರ ಸಂಘವೊಂದು ಚನ್ನಗಿರಿ, ಹೊನ್ನಾಳಿ, ಜಗಳೂರಿನ ಸದಸ್ಯರಿಗೆ ಅಡಿಕೆ, ಮೆಕ್ಕೆಜೋಳದ ಧಾರಣೆಯನ್ನೂ ಸರ್ವಸದಸ್ಯರ ಸಭೆಯ ನೋಟಿಸನ್ನೂ ಇಮೇಲ್‌ನಲ್ಲಿ ಕಳುಹಿಸುತ್ತದೆ ಎಂದಿಟ್ಟುಕೊಳ್ಳೋಣ. ಆ ನೋಟಿಸು ಸ್ಪ್ಯಾಮ್ ಫೋಲ್ಡರಿಗೆ ಹೋದರೆ, ಕಳುಹಿಸಿದ್ದಕ್ಕೆ ದಾಖಲೆಯಿದ್ದರೂ ಸದಸ್ಯರಿಗೆ ಸಭೆಯ ಸುದ್ದಿಯೇ ತಿಳಿಯುವುದಿಲ್ಲ.

ಮೊದಲು ಸಂಘದ ಹೆಸರಿನಲ್ಲಿ ಸ್ವಂತ ಡೊಮೇನ್, ಅಂದರೆ ಇಮೇಲ್ ವಿಳಾಸದಲ್ಲಿ @ ಗುರುತಿನ ನಂತರ ಬರುವ ಹೆಸರು, ಕೊಳ್ಳಬೇಕು. ಸಾಮಾನ್ಯ ಜಿಮೇಲ್ ಖಾತೆಯಿಂದ ದಿನಕ್ಕೆ 500 ಜನರಿಗಷ್ಟೇ ಪತ್ರ ಕಳುಹಿಸಬಹುದು. ಕಾರ್ಯದರ್ಶಿಯವರ ಜಿಮೇಲ್ ವಿಳಾಸವನ್ನೇ ತೋರಿಸಿ ಬೇರೊಂದು ಸೇವೆಯ ಮೂಲಕ ಕಳುಹಿಸಿದರಂತೂ ಅದು ಸೋಗಿನ ಪತ್ರವೆಂದೇ ಗಣನೆಗೆ ಬರುತ್ತದೆ. ಡೊಮೇನ್ ಕೊಂಡ ಮೇಲೆ ಅದರ ತಾಂತ್ರಿಕ ವಿವರಗಳನ್ನು ದಾಖಲಿಸುವ ಡಿಎನ್‌ಎಸ್ ಪುಟದಲ್ಲಿ ಮೂರು ದಾಖಲೆಗಳನ್ನು ಸೇರಿಸಬೇಕು. ಸಂಘದ ಪರವಾಗಿ ಯಾವ ಸರ್ವರ್‌ಗಳು ಪತ್ರ ಕಳುಹಿಸಬಹುದೆಂಬುದನ್ನು ಎಸ್‌ಪಿಎಫ್ (SPF) ಹೇಳುತ್ತದೆ, ಪತ್ರದ ಮೇಲಿನ ಡಿಜಿಟಲ್ ಸಹಿಯನ್ನು ತಾಳೆ ನೋಡುವ ಕೀಲಿಯನ್ನು ಡಿಕಿಮ್ (DKIM) ಒದಗಿಸುತ್ತದೆ, ಇವೆರಡೂ ಹೊಂದದಿದ್ದಾಗ ಏನು ಮಾಡಬೇಕೆಂಬುದನ್ನು ಡಿಮಾರ್ಕ್ (DMARC) ತಿಳಿಸುತ್ತದೆ. ಹಲವರು ಎಡವುವುದು ಎಸ್‌ಪಿಎಫ್‌ನಲ್ಲಿ: ವೆಬ್‌ಸೈಟ್ ಮಾಡಿಕೊಟ್ಟವರು ಹಾಕಿದ ದಾಖಲೆ ಇದ್ದಂತೆಯೇ ಹೊಸ ಇಮೇಲ್ ಸೇವೆಗಾಗಿ ಇನ್ನೊಂದನ್ನು ಸೇರಿಸಿದರೆ ಪರೀಕ್ಷೆಯೇ ವಿಫಲವಾಗುತ್ತದೆ. ಒಂದು ಡೊಮೇನಿಗೆ ಒಂದೇ ಎಸ್‌ಪಿಎಫ್ ದಾಖಲೆ ಇರಬೇಕಾದ್ದರಿಂದ ಎರಡನ್ನೂ ಒಂದೇ ಸಾಲಿಗೆ ತರಬೇಕು.

ಬಳಿಕ ತಮ್ಮದೇ ಜಿಮೇಲ್ ವಿಳಾಸಕ್ಕೆ ಒಂದು ಪತ್ರ ಕಳುಹಿಸಿ, ಅದನ್ನು ಕಂಪ್ಯೂಟರಿನ ಬ್ರೌಸರಿನಲ್ಲಿ ತೆರೆದು, ಮೂರು ಚುಕ್ಕಿಗಳ ಮೆನುವಿನಲ್ಲಿ ‘ಶೋ ಒರಿಜಿನಲ್’ ಒತ್ತಿದರೆ ಮೂರೂ ಹೆಸರುಗಳ ಮುಂದೆ ‘ಪಾಸ್’ ಎಂದಿರಬೇಕು.

ಆದರೆ ಇವೆಲ್ಲ ಗುರುತಿನ ಚೀಟಿಯಷ್ಟೇ, ಮುಂದಿನದು ಸದಸ್ಯರ ಕೈಯಲ್ಲಿದೆ. 2024ರ ಫೆಬ್ರುವರಿಯಿಂದ ಗೂಗಲ್‌ನ ನಿಯಮದಂತೆ, ದಿನಕ್ಕೆ 5,000ಕ್ಕಿಂತ ಹೆಚ್ಚು ಪತ್ರಗಳನ್ನು ಜಿಮೇಲ್ ಖಾತೆಗಳಿಗೆ ಕಳುಹಿಸುವವರು ಈ ಮೂರೂ ದಾಖಲೆಗಳನ್ನೂ ಒಂದೇ ಕ್ಲಿಕ್ಕಿನಲ್ಲಿ ಪಟ್ಟಿಯಿಂದ ಹೊರಬರುವ ಅನ್‌ಸಬ್‌ಸ್ಕ್ರೈಬ್ ಸೌಲಭ್ಯವನ್ನೂ ಹೊಂದಿರಬೇಕು. ‘ಇದು ಸ್ಪ್ಯಾಮ್’ ಎಂಬ ದೂರುಗಳ ಪ್ರಮಾಣ ಶೇ. 0.3ನ್ನು ಮುಟ್ಟಬಾರದು, ಶೇ. 0.1ರ ಕೆಳಗಿದ್ದರೆ ಕ್ಷೇಮ. ಸಾವಿರ ಪತ್ರಕ್ಕೆ ಮೂವರು ಮುನಿದರೂ ಕೆಲಸ ಕೆಟ್ಟಿತು ಎಂದರ್ಥ. ಸಣ್ಣ ಸಂಘಗಳಿಗೂ ಇದೇ ಅಳತೆ ಒಳ್ಳೆಯದು. ಈ ಪ್ರಮಾಣವನ್ನು ಗೂಗಲ್‌ನ ಪೋಸ್ಟ್‌ಮಾಸ್ಟರ್ ಟೂಲ್ಸ್ ಎಂಬ ಜಾಲತಾಣದಲ್ಲಿ ನೋಡಬಹುದಾದರೂ, ಕಳುಹಿಸುವ ಪತ್ರಗಳು ತೀರ ಕಡಿಮೆಯಿದ್ದರೆ ಅಲ್ಲಿ ಅಂಕಿ ಕಾಣಿಸದಿರಬಹುದು.

ಆದ್ದರಿಂದ ಕೃಷಿ ಮೇಳದ ಮಳಿಗೆಯಲ್ಲಿ ಹೆಸರು ಬರೆದು ಹೋದವರನ್ನೆಲ್ಲ ಪಟ್ಟಿಗೆ ತುಂಬಬಾರದು. ಒಪ್ಪಿಗೆ ಕೇಳುವ ಪತ್ರವೊಂದನ್ನು ಕಳುಹಿಸಿ, ಅದರ ಕೊಂಡಿಯನ್ನು ಒತ್ತಿದವರನ್ನು ಮಾತ್ರ ಸೇರಿಸಬೇಕು. ಬೇಡವೆಂದವರ ಹೆಸರನ್ನು ಎರಡು ದಿನದೊಳಗೆ ತೆಗೆಯಬೇಕು. ವಿಳಾಸವೇ ಇಲ್ಲವೆಂದು ಮರಳಿ ಬಂದ ಪತ್ರಗಳ ವಿಳಾಸಗಳನ್ನು ಅಂದೇ ಅಳಿಸಬೇಕು. ಪಟ್ಟಿ ಚಿಕ್ಕದಾಯಿತೆಂದು ಆಡಳಿತ ಮಂಡಳಿಯವರು ಬೇಸರಪಟ್ಟಾರು, ಆದರೂ ಈ ಒಂದು ವಿಷಯದಲ್ಲಿ ಮಣಿಯುವಂತಿಲ್ಲ.

ಪದಗಳ ಆಯ್ಕೆಗೆ ಜನ ಕೊಡುವಷ್ಟು ಮಹತ್ವ ನನಗೆ ಕಾಣುವುದಿಲ್ಲ. ‘ಉಚಿತ’ ಎಂಬ ಒಂದು ಮಾತಿನಿಂದ ಪತ್ರ ಸ್ಪ್ಯಾಮ್ ಆಗದು. ಬರೀ ಚಿತ್ರವೊಂದನ್ನೇ ಅಂಟಿಸುವುದು, ಎಲ್ಲಿಗೆ ಒಯ್ಯುತ್ತದೆಂದು ತಿಳಿಯದ ಮೊಟಕು ಕೊಂಡಿಗಳನ್ನು ಹಾಕುವುದು ಹೆಚ್ಚು ಅಪಾಯಕಾರಿ. ಧಾರಣೆಯ ಪಟ್ಟಿಯನ್ನು ಪತ್ರದ ಒಡಲಲ್ಲೇ ಅಕ್ಷರದಲ್ಲಿ ಕೊಡುವುದು ಲೇಸು.

ಹೊಸ ಡೊಮೇನಿನಿಂದ ಮೊದಲ ದಿನವೇ ಎಲ್ಲರಿಗೂ ಕಳುಹಿಸದೆ, ನಿತ್ಯ ಪತ್ರ ಓದುವ ಸದಸ್ಯರಿಂದ ಆರಂಭಿಸಿ ಕೆಲವು ವಾರಗಳಲ್ಲಿ ಸಂಖ್ಯೆಯನ್ನು ಹೆಚ್ಚಿಸುತ್ತ ಹೋಗಬೇಕು. ಪತ್ರ ಈಗಾಗಲೇ ಸ್ಪ್ಯಾಮ್‌ನಲ್ಲಿ ಸಿಕ್ಕಿಕೊಂಡಿದ್ದರೆ, ಅದನ್ನು ತೆರೆದು ‘ಸ್ಪ್ಯಾಮ್ ಅಲ್ಲ’ ಎಂದು ಒತ್ತಿ ಸಂಘದ ವಿಳಾಸವನ್ನು ಸಂಪರ್ಕಪಟ್ಟಿಗೆ ಸೇರಿಸಿಕೊಳ್ಳುವಂತೆ ಸದಸ್ಯರಿಗೆ ಫೋನಿನಲ್ಲೋ ವಾಟ್ಸ್‌ಆ್ಯಪ್‌ನಲ್ಲೋ ತಿಳಿಸಬೇಕು.