ಸ್ನೇಹಿತರ ಸಣ್ಣ ಆಪರೇಷನ್‌ಗೆ ಜತೆ ಹೋಗುವುದು ಹೇಗೆ?

ಕಣ್ಣಿನ ಪೊರೆ, ಎಂಡೋಸ್ಕೋಪಿ, ಹರ್ನಿಯಾ, ಬೆನ್ನ ಮೇಲಿನ ಗಂಟು. ಇಂಥವಕ್ಕೆ ಹಾಸನಕ್ಕೋ ಚಿಕ್ಕಮಗಳೂರಿಗೋ ಬೆಳಿಗ್ಗೆ ಹೋದವರು ಈಗ ಹೆಚ್ಚಾಗಿ ಸಂಜೆಗೆ, ತಪ್ಪಿದರೆ ಮಾರನೇ ದಿನಕ್ಕೆ ಮನೆಗೆ ಬಂದುಬಿಡುತ್ತಾರೆ. ಹಿಂದೆ ವಾರ್ಡಿನಲ್ಲಿ ನರ್ಸ್ ಮಾಡುತ್ತಿದ್ದ ಎಷ್ಟೋ ಕೆಲಸ ಜತೆಗೆ ಹೋದವರ ಪಾಲಿಗೆ ಬಂದಿದೆ. ಮಕ್ಕಳು ಬೆಂಗಳೂರು ಸೇರಿ, ತೋಟದ ಮನೆಯಲ್ಲಿ ವಯಸ್ಸಾದವರಿಬ್ಬರೇ ಉಳಿದಿರುವ ಕಡೆ ಆ ಜತೆ ಎಂದರೆ ಸ್ನೇಹಿತರು, ನೆರೆಯವರು. ಆಪರೇಷನ್ ಥಿಯೇಟರ್ ಬಾಗಿಲಲ್ಲಿ ಕಾಯುವುದು ಅವರ ಕೆಲಸದಲ್ಲಿ ಸುಲಭದ ಭಾಗ. ಡಿಸ್ಚಾರ್ಜ್ ಹೊತ್ತು, ವಾಪಸ್ ಪ್ರಯಾಣ ಮತ್ತು ಮೊದಲ ರಾತ್ರಿ, ಈ ಮೂರಕ್ಕೆ ತಯಾರಾಗಿ ಹೋಗಿ.

ಮೊದಲು ಕೆಲಸ ಹಂಚಿಕೊಳ್ಳಿ

ಐದು ಜನ ಆಸ್ಪತ್ರೆಗೆ ಹೋಗಿ ಕಾರಿಡಾರಿನಲ್ಲಿ ನಿಲ್ಲುವುದರಿಂದ ಯಾರಿಗೂ ಉಪಯೋಗವಿಲ್ಲ. ಒಬ್ಬರು ರೋಗಿಯ ಜತೆ, ಒಬ್ಬರು ವಾಹನಕ್ಕೆ, ಇನ್ನೊಬ್ಬರು ಮನೆಯಲ್ಲಿ ಹಾಲು ಕರೆಯಲು, ಕಣದಲ್ಲಿ ಹರಡಿದ ಕಾಫಿ ನೋಡಿಕೊಳ್ಳಲು. ತುರ್ತಲ್ಲದ ಆಪರೇಷನ್ ಆದರೆ ಡಿಸೆಂಬರ್‌ನಿಂದ ಫೆಬ್ರುವರಿವರೆಗಿನ ಕೊಯ್ಲು, ಜುಲೈನ ಜಡಿಮಳೆ ಎರಡನ್ನೂ ತಪ್ಪಿಸಿ ದಿನಾಂಕ ಕೇಳಿ. ಕೊಯ್ಲಿನಲ್ಲಿ ಮಾಡಿಸಿಕೊಂಡವರು ಎಷ್ಟು ಹೇಳಿದರೂ ಮೂರನೇ ದಿನಕ್ಕೇ ಮೂಟೆಗೆ ಕೈ ಹಾಕುತ್ತಾರೆ.

ಬೆಳಿಗ್ಗೆ ಏಳಕ್ಕೆ ಬರಲು ಹೇಳಿದ್ದರೆ ಸಕಲೇಶಪುರ, ಮೂಡಿಗೆರೆ, ಕಳಸದ ಕಡೆಯವರು ನಸುಕಿನಲ್ಲಿ ಹೊರಡುವುದು ಬೇಡ. ಆನೆ ಓಡಾಡುವ ಹೊತ್ತದು, ಮಂಜು ಬೇರೆ. ಪೇಟೆಯಲ್ಲಿರುವ ಗೆಳೆಯರ ಮನೆಯಲ್ಲಿ ಹಿಂದಿನ ರಾತ್ರಿ ಉಳಿಯುವುದು ಒಳ್ಳೆಯದು. ಪೊರೆ ಆಪರೇಷನ್ ಆದರೆ ಸಾಮಾನ್ಯವಾಗಿ ಮಾರನೇ ದಿನವೇ ಕಣ್ಣು ತೋರಿಸಬೇಕು, ಆ ರಾತ್ರಿಗೂ ಅದೇ ಮನೆ ಆಗುತ್ತದೆ.

ಕಾಗದ ಪತ್ರ

ಆಧಾರ್, ಪಡಿತರ ಚೀಟಿ, ಹಳೆಯ ಫೈಲು, ರಕ್ತ ಪರೀಕ್ಷೆ ಮತ್ತು ಇಸಿಜಿ ವರದಿ ಒಂದೇ ಚೀಲದಲ್ಲಿರಲಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು ನೆರವು. ಖಾಸಗಿ ಆಸ್ಪತ್ರೆಯಲ್ಲಿ ಇದೇ ಯೋಜನೆಯಡಿ ಮಾಡಿಸಬೇಕಾದರೆ, ತುರ್ತು ಚಿಕಿತ್ಸೆ ಬಿಟ್ಟು ಉಳಿದವಕ್ಕೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಕೇಳುತ್ತಾರೆ. ದಾಖಲಾದ ಮೇಲೆ ಓಡಾಡುವ ಬದಲು ಮೊದಲೇ ಆಸ್ಪತ್ರೆಯಲ್ಲಿ ಈ ಯೋಜನೆಗೆ ನೆರವಾಗುವ ಆರೋಗ್ಯ ಮಿತ್ರರ ಕೌಂಟರಿನಲ್ಲಿ ವಿಚಾರಿಸಿ.

ನಿತ್ಯ ನುಂಗುವ ಮಾತ್ರೆಗಳ ಹೆಸರು ಬರೆದುಕೊಂಡು ಹೋಗುವ ಬದಲು ಮಾತ್ರೆಯ ಸ್ಟ್ರಿಪ್‌ಗಳನ್ನೇ ತೆಗೆದುಕೊಂಡು ಹೋಗಿ. ರಕ್ತ ತೆಳುವಾಗಿಸುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್‌ನಂಥವನ್ನು ನಿಲ್ಲಿಸಬೇಕೇ, ಎಷ್ಟು ದಿನ ಮೊದಲು ಎಂಬುದನ್ನು ವಾರ ಮುಂಚೆಯೇ ವೈದ್ಯರಲ್ಲಿ ಕೇಳಿ. ಸ್ಟೆಂಟ್ ಹಾಕಿಸಿಕೊಂಡವರು ತಾವಾಗಿಯೇ ನಿಲ್ಲಿಸಿದರೆ ಹೃದಯಕ್ಕೆ ಅಪಾಯ. ಉಪವಾಸದ ಬೆಳಿಗ್ಗೆ ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ಎಂದಿನಂತೆ ತೆಗೆದುಕೊಂಡರೆ ಸಕ್ಕರೆ ಕುಸಿಯಬಹುದು, ಇದನ್ನೂ ಮೊದಲೇ ಕೇಳಿಕೊಳ್ಳಿ.

ಬೆಳಗಿನ ಕಾಫಿ

ನಮ್ಮ ಜಿಲ್ಲೆಗಳಲ್ಲಿ ಆಪರೇಷನ್ ಮುಂದಕ್ಕೆ ಹೋಗುವುದಕ್ಕೆ ಕಾಫಿಯೂ ಒಂದು ಕಾರಣ. 'ಏನೂ ತಿಂದಿಲ್ಲ, ಒಂದು ಲೋಟ ಕಾಫಿ ಅಷ್ಟೇ' ಎಂದರೆ ಅರಿವಳಿಕೆ ವೈದ್ಯರು ಒಪ್ಪುವುದಿಲ್ಲ. ಹಾಲು ಹೊಟ್ಟೆಯ ಆಮ್ಲಕ್ಕೆ ಸೇರಿದರೆ ಒಡೆದು ಗಟ್ಟಿಯಾಗುತ್ತದೆ, ಆದ್ದರಿಂದ ಅದನ್ನು ಊಟದ ಲೆಕ್ಕಕ್ಕೇ ಸೇರಿಸುತ್ತಾರೆ. ಮಂಪರು ಬಂದಾಗ ಗಂಟಲಿನ ಕಾವಲು ಸಡಿಲವಾಗಿ, ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಭಯ ಇರುವುದು ಇದಕ್ಕೇ.

ಸಾಮಾನ್ಯ ನಿಯಮ ಹೀಗಿದೆ: ಮಾಂಸ, ಕರಿದ ತಿಂಡಿಗೆ 8 ಗಂಟೆ ಅಂತರ, ಇಡ್ಲಿಯಂಥ ಹಗುರ ಆಹಾರಕ್ಕೂ ಹಾಲಿಗೂ 6 ಗಂಟೆ, ಬರೀ ನೀರಿಗೆ 2 ಗಂಟೆ. ನಿಮ್ಮ ಆಸ್ಪತ್ರೆ ಇದಕ್ಕಿಂತ ಬಿಗಿಯಾಗಿ ಹೇಳಿದ್ದರೆ ಅದನ್ನೇ ಪಾಲಿಸಿ. ಜತೆಗೆ ಹೋಗುವವರು ರೋಗಿಯ ಎದುರು ಲೋಟ ಹಿಡಿದು ಕೂರಬೇಡಿ, ಕ್ಯಾಂಟೀನಿಗೆ ಹೋಗಿ ಕುಡಿದು ಬನ್ನಿ. ಬಾಯಿ ತಪ್ಪಿ ಏನಾದರೂ ತಿಂದಿದ್ದರೆ ಮುಚ್ಚಿಡದೆ ಹೇಳಿಸಿ. ಹೆಚ್ಚೆಂದರೆ ಆಪರೇಷನ್ ಮುಂದಕ್ಕೆ ಹೋಗುತ್ತದೆ.

ಒಡವೆ, ಕಟ್ಟಿಸಿದ ಹಲ್ಲು, ಕನ್ನಡಕ ತೆಗೆದು ನಿಮ್ಮ ಬಳಿ ಇಟ್ಟುಕೊಳ್ಳಿ. ಉಗುರಿನ ಬಣ್ಣ ಹಿಂದಿನ ದಿನವೇ ಅಳಿಸಿರಲಿ, ಬೆರಳಿಗೆ ಹಾಕುವ ಆಮ್ಲಜನಕದ ಕ್ಲಿಪ್ ಅದರಿಂದ ತಪ್ಪು ತೋರಿಸಬಹುದು.

ಡಿಸ್ಚಾರ್ಜ್ ಹೊತ್ತು

ಮಂಪರಿನ ಔಷಧಿ ಪಡೆದವರು ಸರಿಯಾಗಿಯೇ ಮಾತಾಡುತ್ತಾರೆ, ತಲೆಯಾಡಿಸುತ್ತಾರೆ, ಆದರೆ ಕೇಳಿದ್ದು ಆಮೇಲೆ ನೆನಪಿರುವುದಿಲ್ಲ. ವೈದ್ಯರು ಹೇಳುವುದನ್ನು ನೀವು ಕೇಳಿ ಬರೆದುಕೊಳ್ಳಿ. ಯಾವ ಮಾತ್ರೆ ಊಟಕ್ಕೆ ಮುಂಚೆ? ಸ್ನಾನ ಯಾವಾಗ? ಎಷ್ಟು ಭಾರ ಎತ್ತಬಹುದು? ರಾತ್ರಿ ತೊಂದರೆಯಾದರೆ ಯಾವ ನಂಬರಿಗೆ ಫೋನ್ ಮಾಡಬೇಕು?

ಚೀಟಿಯಲ್ಲಿ 1-0-1 ಎಂದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಟಿಡಿಎಸ್ ಎಂದರೆ ದಿನಕ್ಕೆ ಮೂರು ಸಲ, ಎಸ್‌ಓಎಸ್ ಎಂದರೆ ಅಗತ್ಯವಿದ್ದಾಗ ಮಾತ್ರ. ಔಷಧಿ ಅಂಗಡಿಯಿಂದ ತಂದ ಮೇಲೆ ಪ್ರತಿ ಸ್ಟ್ರಿಪ್ ಮೇಲೂ ಹೊತ್ತು ಬರೆದಿಡಿ. ಹೆಚ್ಚಾಗಿ ಆಗುವ ತಪ್ಪು ಪ್ಯಾರಾಸಿಟಮಾಲ್‌ನದು. ಆಸ್ಪತ್ರೆ ಕೊಟ್ಟ ಅಸಿಕ್ಲೋಫೆನ್ಯಾಕ್ ಬೆರೆಸಿದ ನೋವಿನ ಮಾತ್ರೆಯಲ್ಲೂ ಅದು ಇರುತ್ತದೆ, ಜತೆಗೆ ಮನೆಯಲ್ಲಿದ್ದ 650ರ ಪ್ಯಾರಾಸಿಟಮಾಲ್ ಮಾತ್ರೆಯನ್ನೂ ನುಂಗುತ್ತಾರೆ. ಎರಡೂ ಸೇರಿ ದಿನಕ್ಕೆ 4 ಗ್ರಾಂ ಮೀರಿದರೆ ಲಿವರಿಗೆ ಹಾನಿ. ಕುಡಿತದ ಅಭ್ಯಾಸವಿರುವವರಿಗೆ, ತೀರಾ ಸೊರಗಿದವರಿಗೆ ಅದಕ್ಕಿಂತ ಕಡಿಮೆಯೇ ಸಾಕು.

ವಾಪಸ್ ದಾರಿ

ಬೈಕಿನ ಹಿಂದೆ ಕೂರಿಸಿಕೊಂಡು ಬರುವುದು ಖಂಡಿತ ಬೇಡ. ತಲೆ ಸುತ್ತಿದರೆ ಹಿಡಿಯಲು ಯಾರೂ ಇರುವುದಿಲ್ಲ. ಮಂಪರು ಅಥವಾ ಅರಿವಳಿಕೆ ಪಡೆದವರು 24 ಗಂಟೆ ವಾಹನ ಓಡಿಸಬಾರದು, ಮದ್ಯ ಮುಟ್ಟಬಾರದು, ಜಮೀನಿನ ಕಾಗದಕ್ಕೆ, ಬ್ಯಾಂಕಿನ ಕಾಗದಕ್ಕೆ ಸಹಿ ಹಾಕಬಾರದು. ಹರ್ನಿಯಾ ಆದವರಿಗೆ ಸೀಟ್ ಬೆಲ್ಟ್ ಮತ್ತು ಹೊಟ್ಟೆಯ ನಡುವೆ ಮಡಿಸಿದ ಟವೆಲ್ ಇಡಿ. ಕೆಮ್ಮು ಬಂದಾಗ ಅದೇ ಟವೆಲ್ಲನ್ನು ಗಾಯದ ಮೇಲೆ ಒತ್ತಿ ಹಿಡಿಯಲಿ. ಬಸ್ಸೇ ಗತಿ ಎಂದಾದರೆ ಹಿಂದಿನ ಚಕ್ರದ ಮೇಲಿನ ಸೀಟು ಬಿಟ್ಟು ನಡುವೆ ಕೂರಿಸಿ, ವಾಂತಿಗೆ ಕವರ್ ಕೈಯಲ್ಲಿರಲಿ.

ಮೊದಲ ರಾತ್ರಿ

ಒಬ್ಬರು ಅದೇ ಮನೆಯಲ್ಲಿ ಮಲಗಲೇಬೇಕು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡಿದ್ದರೆ ಮೊದಮೊದಲು ಬಚ್ಚಲಿಗೆ ಒಬ್ಬರನ್ನೇ ಬಿಡಬೇಡಿ. ಹರ್ನಿಯಾ, ಪೈಲ್ಸ್ ಆಪರೇಷನ್ ಆದವರಿಗೆ ಮೂತ್ರ ಕಟ್ಟುವುದುಂಟು. ಆರೆಂಟು ಗಂಟೆಯಾದರೂ ಹೋಗದೆ ಕಿಬ್ಬೊಟ್ಟೆ ಬಿಗಿದರೆ ಬೆಳಗಾಗಲಿ ಎಂದು ಕಾಯಬೇಡಿ. ಡ್ರೆಸ್ಸಿಂಗ್ ಪೂರ್ತಿ ನೆನೆಯುವಷ್ಟು ರಕ್ತ, 100.4 ಡಿಗ್ರಿ ದಾಟಿದ ಜ್ವರ, ನಿಲ್ಲದ ವಾಂತಿ, ಎಂಡೋಸ್ಕೋಪಿ ಆದ ಮೇಲೆ ಜೋರು ಹೊಟ್ಟೆನೋವು ಅಥವಾ ಕಪ್ಪು ಮಲ, ಪೊರೆ ತೆಗೆದ ಕಣ್ಣಿನಲ್ಲಿ ಹೆಚ್ಚುವ ನೋವು, ಮಂಜಾಗುವ ದೃಷ್ಟಿ: ಇವಕ್ಕೆಲ್ಲ ಆಗಲೇ ಫೋನ್ ಮಾಡಿ. ಉಸಿರಾಟಕ್ಕೆ ಕಷ್ಟವಾದರೆ 108. ತೋಟದ ಮನೆಯಲ್ಲಿ ನೆಟ್‌ವರ್ಕ್ ಎಲ್ಲಿ ಸಿಗುತ್ತದೆ ಎಂಬುದನ್ನು ಬೆಳಕಿರುವಾಗಲೇ ನೋಡಿಟ್ಟುಕೊಳ್ಳಿ.

ಕಣ್ಣಿನ ಹನಿ ಹಾಕುವವರು ಮೊದಲು ಸೋಪಿನಲ್ಲಿ ಕೈ ತೊಳೆಯಿರಿ. ಕೆಳರೆಪ್ಪೆಯನ್ನು ಮೆಲ್ಲಗೆ ಕೆಳಗೆಳೆದು, ಅಲ್ಲಾಗುವ ಗುಳಿಗೆ ಒಂದೇ ಹನಿ. ಬಾಟಲಿಯ ತುದಿ ರೆಪ್ಪೆಗೂ ತಾಗಬಾರದು. ಹನಿ ಬಿದ್ದ ಮೇಲೆ ಒಂದೆರಡು ನಿಮಿಷ ಕಣ್ಣು ಮುಚ್ಚಿರಲಿ, ಕಣ್ಣು ಒತ್ತಬೇಡಿ. ಎರಡು ಬಗೆಯ ಹನಿ ಇದ್ದರೆ ನಡುವೆ 5 ನಿಮಿಷ ಬಿಡಿ, ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ.

ನೋಡಲು ಬರುವವರು

ಮೊದಲೆರಡು ದಿನ ಫೋನಿನಲ್ಲೇ ವಿಚಾರಿಸಿ. ನೆಗಡಿ, ಕೆಮ್ಮು ಇದ್ದವರು ಹೋಗಲೇಬೇಡಿ. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು, ಕಿಡ್ನಿ ತೊಂದರೆ ಇರುವವರಿಗೆ ಒಯ್ಯಬೇಡಿ. ಹಣ್ಣಿನ ಬುಟ್ಟಿಗಿಂತ ಒಂದು ಹೊತ್ತಿನ ಅನ್ನ, ತಿಳಿಸಾರು ಆ ಮನೆಗೆ ಹೆಚ್ಚು ಅನುಕೂಲ.

ಸಾಮಾನ್ಯವಾಗಿ 7ರಿಂದ 10 ದಿನಕ್ಕೆ ಹೊಲಿಗೆ ಬಿಚ್ಚಲು ಕರೆಯುತ್ತಾರೆ. ಆ ದಿನದ ವಾಹನವನ್ನೂ ಈಗಲೇ ಗೊತ್ತು ಮಾಡಿಡಿ. ತೆಗೆದ ಗಂಟನ್ನು ಬಯಾಪ್ಸಿಗೆ ಕಳಿಸಿದ್ದರೆ ವರದಿ ಬರುವ ದಿನ, ರಸೀದಿ ನಂಬರ್ ಬರೆದುಕೊಳ್ಳಿ. ಗಾಯ ಒಣಗಿದ ಮೇಲೆ ಮನೆಯವರು ಹೆಚ್ಚಾಗಿ ಮರೆಯುವುದು ಇದನ್ನೇ, ಹಾಗಾಗಿ ಆ ವರದಿಯನ್ನು ತಂದು ವೈದ್ಯರಿಗೆ ತೋರಿಸುವವರು ಯಾರೆಂದು ಮೊದಲೇ ಮಾತಾಡಿಕೊಳ್ಳಿ.